ಸರ್ವೆ ಮೀಟರ್ ನಂಬುವ ಮುಂಚೆ
ನಮ್ಮ ರೇಡಿಯೋಥೆರಪಿ ವಿಭಾಗಕ್ಕೆ ಬರುವ ಹೊಸಬರಿಗೆ ನಾನು ಹೇಳುವುದಿಷ್ಟೇ: ವಿಕಿರಣ ಅಳೆಯುವ ಸರ್ವೆ ಮೀಟರ್ ಸೊನ್ನೆ ತೋರಿಸಿದರೆ ಖುಷಿಪಡಬೇಡಿ, ಅನುಮಾನಪಡಿ. ಸುಮ್ನೆ ನಿಂತರೂ ಬೆಂಗಳೂರಿನಲ್ಲಿ ಸುತ್ತಲಿನ ಸಹಜ ವಿಕಿರಣವೇ ಗಂಟೆಗೆ 0.1 ಮೈಕ್ರೋಸೀವರ್ಟ್ (ವಿಕಿರಣದ ಅಳತೆಯ ಮಾನ) ಆಸುಪಾಸು ಬರಲೇಬೇಕು. ವಿಕಿರಣ ವಿಪರೀತವಾದಾಗಲೂ ಕೆಲವು ಹಳೇ ಗೈಗರ್ ಮೀಟರ್‌ಗಳು ಸೊನ್ನೆಗೆ ಇಳಿಯುತ್ತವೆ! ಅದಕ್ಕೇ ಚಿಕಿತ್ಸಾ ಕೋಣೆಯ ಬಾಗಿಲ ಹೊರಗೇ ಮೀಟರ್ ಆನ್ ಮಾಡಿ.

ಬ್ಯಾಟರಿ, ಕ್ಯಾಲಿಬ್ರೇಶನ್ (ಅಳತೆ ಸರಿಯಿದೆಯೇ ಎಂಬ ಲ್ಯಾಬ್ ತಪಾಸಣೆ) ಸ್ಟಿಕ್ಕರಿನ ತಾರೀಖು ನೋಡಿದ ಮೇಲೆ ಸೀಸಿಯಂ-137 ಚೆಕ್ ಸೋರ್ಸ್ (ಮೀಟರ್ ಪರೀಕ್ಷಿಸಲೆಂದೇ ಇರುವ ಸಣ್ಣ ವಿಕಿರಣ ಆಕರ) ಮೀಟರಿಗೆ ಹಿಡಿಯಿರಿ. ಪ್ರತಿ ಸಲ ಅದೇ ಜಾಗ, ಸೋರ್ಸಿನ ಅದೇ ಮುಖ. ನಾವು ಮೀಟರ್ ಮೇಲೆ ಮಾರ್ಕರ್‌ನಲ್ಲಿ ಗುರುತು ಹಾಕಿದ್ದೇವೆ. ಅಂಕಿ ಕುಣಿಯುತ್ತಲೇ ಇರುತ್ತದೆ. ಅರ್ಧ ನಿಮಿಷ ನೋಡಿ ಸರಾಸರಿ ಬರೆಯಿರಿ. ಕ್ಯಾಲಿಬ್ರೇಶನ್ ಆದಾಗ ಬರೆದಿಟ್ಟ ಅಂಕಿಗಿಂತ ಶೇ. 20ಕ್ಕೂ ಜಾಸ್ತಿ ಆಚೀಚೆ ಆದರೆ ಮೀಟರ್ ಲ್ಯಾಬಿಗೆ ಕಳಿಸಿ. ತಟ್ಟಿ, ಕುಟ್ಟಿ ಸರಿಮಾಡುವ ಸಾಹಸ ಬೇಡ. ‘ಸೋರ್ಸೇ ಸವೆದಿರಬೇಕು ಸಾರ್’ ಅನ್ನುವ ನೆಪವೂ ನಡೆಯಲ್ಲ. ಸೀಸಿಯಂ-137ರ ವಿಕಿರಣ ಅರ್ಧಕ್ಕಿಳಿಯಲು ಸುಮಾರು 30 ವರ್ಷ ಬೇಕು.