ಹಳೆಯ ಯುನಿಕ್ಸ್‌ನಲ್ಲೂ ಓಡುವ ಸ್ಕ್ರಿಪ್ಟ್ ಬರೆಯುವುದು ಹೀಗೆ

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದಕ್ಕೆ ಚೀಲಗಳ ಲೆಕ್ಕದ ಸ್ಕ್ರಿಪ್ಟ್ ಬೇಕು ಎಂದಿಟ್ಟುಕೊಳ್ಳಿ. ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ಓಡಿದ್ದು, ಅಲ್ಲಿನ ಸೋಲಾರಿಸ್ 10 (ಹಳೆಯದೊಂದು ಯುನಿಕ್ಸ್) ಸರ್ವರ್‌ನಲ್ಲಿ ಸಿಂಟ್ಯಾಕ್ಸ್ ಎರರ್ ಕೊಟ್ಟು ನಿಲ್ಲಬಹುದು. ಅಲ್ಲಿನ /ಬಿನ್/ಎಸ್‌ಎಚ್ (ಸ್ಕ್ರಿಪ್ಟ್ ಓದಿ ಓಡಿಸುವ ಶೆಲ್) ಹಳೆಯ ಬೋರ್ನ್ ಶೆಲ್, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿರುವ ಬ್ಯಾಶ್ ಅಲ್ಲ.

ಮೊದಲು ಶೆಲ್‌ನ ವ್ಯಾಕರಣ ಸರಿಪಡಿಸಿ. ಆಜ್ಞೆಯ ಫಲಿತಾಂಶ ಹಿಡಿಯುವ $( ) ಬದಲು ಬ್ಯಾಕ್‌ಟಿಕ್ (`), ಷರತ್ತು ಪರೀಕ್ಷಿಸುವ [[ ]] ಬದಲು [ ] ಬಳಸಿ. ವೇರಿಯಬಲ್ ಒಂದನ್ನು ಎಕ್ಸ್‌ಪೋರ್ಟ್ ಮಾಡುವಾಗ (ಬೇರೆ ಆಜ್ಞೆಗಳಿಗೂ ಸಿಗುವಂತೆ ಮಾಡುವಾಗ) ಅದಕ್ಕೆ ಮೌಲ್ಯ ಕೊಡುವುದು ಒಂದು ಸಾಲು, ಎಕ್ಸ್‌ಪೋರ್ಟ್ ಇನ್ನೊಂದು ಸಾಲು.

ಪಠ್ಯ ಅಚ್ಚು ಮಾಡಲು ಎಕೋ ಬಿಟ್ಟು ಪ್ರಿಂಟ್‌ಎಫ್ ಹಿಡಿಯಿರಿ. ಸಿಸ್ಟಮ್ ಫೈವ್ (ಯುನಿಕ್ಸ್‌ನ ಒಂದು ಕವಲು) ವಂಶದ ಎಕೋಗೆ, ಹೊಸ ಸಾಲಿಗೆ ಹೋಗಬೇಡ ಎನ್ನಲು '-ಎನ್' ಕೊಟ್ಟರೆ ಚೀಟಿಯ ಮೇಲೆ '-ಎನ್ ಒಟ್ಟು ತೂಕ' ಎಂದೇ ಅಚ್ಚಾಗುತ್ತದೆ. ಆದರೆ ಪ್ರಿಂಟ್‌ಎಫ್‌ಗೆ ಪಠ್ಯವನ್ನು ನೇರವಾಗಿ ಕೊಡಬೇಡಿ. 'ತೇವಾಂಶ 10%' ಎಂಬಲ್ಲಿನ % ಚಿಹ್ನೆಯನ್ನು ಅದು ತನಗೆ ಕೊಟ್ಟ ಆಜ್ಞೆ ಎಂದು ತಿಳಿಯುತ್ತದೆ. ಮೊದಲು '%ಎಸ್' (ಪಠ್ಯವನ್ನು ಇದ್ದಂತೆ ಅಚ್ಚಿಸು ಎಂಬ ಗುರುತು), ಆಮೇಲೆ ಪಠ್ಯ.

ಕಡತದ ಪಠ್ಯ ತಿದ್ದುವ ಸೆಡ್‌ನಲ್ಲಿ, ಅದೇ ಕಡತವನ್ನು ನೇರವಾಗಿ ಬದಲಿಸುವ '-ಐ' ಬಗ್ಗೆ ತುಂಬ ಎಚ್ಚರ ಬೇಕು. ಅದು ಪಾಸಿಕ್ಸ್ (ಯುನಿಕ್ಸ್‌ಗಳ ಸಾಮಾನ್ಯ ಮಾನದಂಡ) ನಿಯಮದಲ್ಲಿಲ್ಲ. ಹಳೆಯ ಸೋಲಾರಿಸ್‌ನ ಸೆಡ್‌ಗೆ ಗೊತ್ತೇ ಇಲ್ಲ. ಹಾಗೆಂದು ಫಲಿತಾಂಶ ಬರೆಯಲು ಅದೇ ಕಡತಕ್ಕೆ > ಹಾಕಿದರೆ, ಸೆಡ್ ಓದಲು ತೊಡಗುವ ಮುನ್ನವೇ ಶೆಲ್ ಆ ಕಡತವನ್ನು ಬರಿದು ಮಾಡಿರುತ್ತದೆ. ಇಡೀ ಸೀಸನ್ನಿನ ಲೆಕ್ಕ ಹೋಯಿತು! ಫಲಿತಾಂಶವನ್ನು ಹೊಸ ಕಡತಕ್ಕೆ ಬರೆಯಿರಿ. ಸೆಡ್ ಸರಿಯಾಗಿ ಮುಗಿದರೆ ಮಾತ್ರ, ಅಂದರೆ && ಹಾಕಿ, ಕ್ಯಾಟ್ ಮೂಲಕ ಹಳೆಯ ಕಡತಕ್ಕೆ ಸುರಿಯಿರಿ. ಹೊಸ ಕಡತವನ್ನೇ ಹಳೆಯದರ ಜಾಗಕ್ಕೆ ತರುವ ಎಂವಿ ಬದಲು ಕ್ಯಾಟ್ ಏಕೆಂದರೆ, ಕಡತದ ಅನುಮತಿಗಳು ಇದ್ದಂತೆಯೇ ಉಳಿಯುತ್ತವೆ.

'ಆಕ್: ಬೇಲಿಂಗ್ ಔಟ್ ನಿಯರ್ ಲೈನ್ 1' ಎಂದು ಬಂದರೆ ನಿಮ್ಮ ಲೆಕ್ಕ ತಪ್ಪಿಲ್ಲದಿರಬಹುದು, ಆಕ್ (ಸಾಲುಗಳಲ್ಲಿ ಲೆಕ್ಕ ಮಾಡುವ ಆಜ್ಞೆ) ಹಳೆಯದು, ಹೊರಗಿನಿಂದ ಮೌಲ್ಯ ಕೊಡುವ '-ವಿ' ಅದಕ್ಕೆ ಬಾರದು. ಸ್ಕ್ರಿಪ್ಟಿನ ತಲೆಯಲ್ಲಿ ಪಾತ್‌ಗೆ (ಆಜ್ಞೆಗಳನ್ನು ಹುಡುಕುವ ಜಾಗಗಳ ಪಟ್ಟಿಗೆ), ಪಾಸಿಕ್ಸ್ ನಿಯಮದ ಆಜ್ಞೆಗಳಿರುವ /ಯುಎಸ್‌ಆರ್/ಎಕ್ಸ್‌ಪಿಜಿ4/ಬಿನ್ ಅನ್ನು ಎಲ್ಲಕ್ಕಿಂತ ಮುಂದೆ ಸೇರಿಸಿ. ಪಠ್ಯ ಹುಡುಕುವ ಹಳೆಯ ಗ್ರೆಪ್‌ಗೆ '-ಕ್ಯೂ' (ಏನನ್ನೂ ಅಚ್ಚಿಸದೆ ಹುಡುಕು) ಬಾರದ ತೊಂದರೆಯೂ ಇದರಲ್ಲೇ ತೀರುತ್ತದೆ. ಆ ಡೈರೆಕ್ಟರಿ ಇಲ್ಲದ ಯಂತ್ರದಲ್ಲಿ ಇದರಿಂದ ನಷ್ಟವಿಲ್ಲ.

ಕಡತ ಎದುರಿಗಿದ್ದೂ 'ನಾಟ್ ಫೌಂಡ್' ಎಂದರೆ, ವಿಂಡೋಸ್‌ನಿಂದ ಬಂದ ಸಾಲಿನ ಕೊನೆಯ ಗುರುತು ಉಳಿದಿದೆಯೇ ನೋಡಿ. ಅಕ್ಷರ ಬದಲಿಸುವ, ಅಳಿಸುವ ಟಿಆರ್‌ಗೆ '-ಡಿ' ಜೊತೆ '\015' (ಆ ಗುರುತಿನ ಸಂಖ್ಯೆ) ಕೊಟ್ಟು ತೆಗೆಯಿರಿ.

ಲಿನಕ್ಸ್‌ನ ಇನ್ನೊಂದು ಶೆಲ್ ಆದ ಡ್ಯಾಶ್‌ನಲ್ಲಿ ಸ್ಕ್ರಿಪ್ಟ್ ಪಾಸಾದರೆ ಸಾಲದು, ಅದು $( ) ಒಪ್ಪುತ್ತದೆ. ಹಳೆಯ ಯಂತ್ರದಲ್ಲೇ ಮೂರು ಸಾಲಿನ ಮಾದರಿ ಓಡಿಸಿ. ಅದರಲ್ಲಿ ಒಂದು ಕನ್ನಡ ಹೆಸರಿರಲಿ. 'ಹಾಸನ' ನಮಗೆ ಮೂರಕ್ಷರ. ಕಂಪ್ಯೂಟರ್ ಅದನ್ನು ಉಳಿಸುವ ಯುಟಿಎಫ್-8ರಲ್ಲಿ 12 ಬೈಟ್. ಬೈಟ್ ಎಣಿಸುವ ಪ್ರಿಂಟ್‌ಎಫ್‌ನಲ್ಲಿ ಕಾಲಂಗಳು ಸೊಟ್ಟಗಾಗುತ್ತವೆ. ಆದ್ದರಿಂದ ಚೀಲ, ಕಿಲೋ ಮೊದಲು ಬರಲಿ, ಬೆಳೆಗಾರರ ಹೆಸರು ಸಾಲಿನ ಕೊನೆಗಿರಲಿ.