ಅಪ್ಪನ ಹಳೆಯ ದುರ್ಬೀನು: ರಿಪೇರಿಯೋ, ಹೊಸದೋ?

ನಮ್ಮ ತಂದೆಯವರು ಬಳಸುತ್ತಿದ್ದ ಯೆನೋಪ್ಟೆಮ್ 8×30 (ಎಂಟು ಪಟ್ಟು ಹಿಗ್ಗಿಸುವ, 30 ಮಿಲಿಮೀಟರ್ ವ್ಯಾಸದ ಮುಂದಿನ ಮಸೂರದ) ದುರ್ಬೀನು ತೀರ್ಥಹಳ್ಳಿಯ ಮನೆಯ ಅಟ್ಟದಲ್ಲಿ, ಚರ್ಮದ ಚೀಲದೊಳಗೆ, ಹಲವು ಮಳೆಗಾಲಗಳನ್ನು ಕಳೆದಿತ್ತು. ಪೂರ್ವ ಜರ್ಮನಿಯ ಕಾರ್ಲ್ ಜೈಸ್ ಯೆನಾ ಸಂಸ್ಥೆ ತಯಾರಿಸಿದ್ದು. ಹೊರತೆಗೆದಾಗ ಎಡಗಣ್ಣಿನ ನೋಟಕ್ಕೆ ಮಂಜು ಕವಿದಂತಿತ್ತು. ಫೋಕಸ್ ಚಕ್ರ ಅಲುಗಲೇ ಇಲ್ಲ. ಹೊಸದನ್ನೇ ಕೊಳ್ಳುವಂತೆ ಮನೆಯವರೆಲ್ಲ ಹೇಳಿದರೂ, ದೋಷ ಯಾವುದೆಂದು ತಿಳಿಯದೆ ತೀರ್ಮಾನಿಸುವುದು ನನಗೆ ಸರಿಯೆನಿಸಲಿಲ್ಲ.

ಕತ್ತಲೆ ಕೋಣೆಯಲ್ಲಿ ದೊಡ್ಡ ಮಸೂರದ ಕಡೆಯಿಂದ ಟಾರ್ಚ್ ಬೆಳಕು ಹಾಯಿಸಿ ಓರೆಯಾಗಿ ಇಣುಕಿದೆ. ಎಡ ನಳಿಗೆಯೊಳಗೆ ಬೆಳಕನ್ನು ತಿರುಗಿಸುವ ಗಾಜಿನ ತುಂಡಾದ ಪ್ರಿಸಂ ಮೇಲೆ ಜೇಡರ ಬಲೆಯಂಥ ಬಿಳಿಯ ಎಳೆಗಳು ಅಂಚಿನಿಂದ ನಡುವಿನತ್ತ ಹಬ್ಬಿದ್ದವು. ಅದು ಬೂಷ್ಟು. ಗಾಜಿನ ಮೇಲಷ್ಟೇ ಕುಳಿತ ಬೂಷ್ಟನ್ನು ಒರೆಸಿ ತೆಗೆಯಬಹುದು; ಆದರೆ ಅದು ಸ್ರವಿಸುವ ಆಮ್ಲವು ಗಾಜಿನ ಮೇಲಿನ ತೆಳು ಲೇಪನವನ್ನು ಕೊರೆದಿದ್ದರೆ ಎಷ್ಟು ಒರೆಸಿದರೂ ಕಲೆ ಉಳಿಯುತ್ತದೆ. ಎರಡು ಗಾಜುಗಳನ್ನು ಅಂಟಿಸಿ ಮಾಡಿದ ಮುಂದಿನ ಮಸೂರದಲ್ಲಿ ಅಂಟು ಬಿಟ್ಟು ಕಾಮನಬಿಲ್ಲಿನ ಬಣ್ಣದ ಉಂಗುರಗಳು ಕಂಡಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದೆ. ಅಂಥದ್ದೇನೂ ಇರಲಿಲ್ಲ.

ಇನ್ನು ಉಳಿದದ್ದು ನನ್ನ ಬಳಕೆಯ ಪ್ರಶ್ನೆ. ಹೊಸ 8×42 ದುರ್ಬೀನಿನಿಂದ ಕಣ್ಣಿಗೆ ಬರುವ ಬೆಳಕಿನ ಕಂಬದ ವ್ಯಾಸ 5.25 ಮಿಲಿಮೀಟರ್, ನನ್ನದರಲ್ಲಿ 3.75 ಮಾತ್ರ. ಮುಸ್ಸಂಜೆಯ ಕಾಡಿನಲ್ಲಿ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ನೀರು ಹೊಗದಂತೆ ಮುಚ್ಚಿ ಸಾರಜನಕ ತುಂಬಿದ ಹೊಸ ದುರ್ಬೀನುಗಳೂ ಸಿಗುವುದರಿಂದ, ಆಗುಂಬೆಯ ಮಳೆಯಲ್ಲಿ ನಡೆಯುವವರಿಗೆ ಅವನ್ನೇ ಕೊಳ್ಳಿ ಎನ್ನುತ್ತೇನೆ. ಕನ್ನಡಕ ತೆಗೆಯಲಾಗದವರಿಗೂ ಅದೇ ಮಾತು, ಏಕೆಂದರೆ ಈ ಹಳೆಯ ಮಾದರಿಯಲ್ಲಿ ಕಣ್ಣನ್ನು ಗಾಜಿಗೆ ತೀರ ಹತ್ತಿರ ಇಡದಿದ್ದರೆ ನೋಟದ ಅಂಚು ಕಾಣುವುದಿಲ್ಲ. ನಾನು ಓದಲು ಮಾತ್ರ ಕನ್ನಡಕ ಬಳಸುವವನು. ಹಕ್ಕಿ ನೋಡುವುದು ಬೆಳಗಿನ ತೋಟದಲ್ಲಿ. 1000 ಮೀಟರ್ ದೂರದಲ್ಲಿ 150 ಮೀಟರ್ ಅಗಲವನ್ನು ತೋರಿಸುವ ಇದರ ವಿಶಾಲ ನೋಟ ಅಡಿಕೆ ಮರಗಳ ನಡುವೆ ಹಾರಾಡುವ ಹಕ್ಕಿಯನ್ನು ಹಿಡಿಯಲು ಬಹಳ ಅನುಕೂಲ. ಆದ್ದರಿಂದ ರಿಪೇರಿಯನ್ನೇ ಆರಿಸಿಕೊಂಡೆ.

ಫೋಕಸ್ ಚಕ್ರದ ಗ್ರೀಸ್ ಅಂಟಿನಂತೆ ಗಟ್ಟಿಯಾಗಿತ್ತು. ಅದನ್ನು ಕೆರೆದು ತೆಗೆದು ಹೊಸದನ್ನು ತೆಳುವಾಗಿ ಸವರಿದೆ. ಪ್ರಿಸಂ ಬಿಚ್ಚಿ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದಾಗ ಎಳೆಗಳು ಹೋದವು, ಅಂಚಿನಲ್ಲಿ ಒಂದು ಮಾಸಲು ಕಲೆ ಮಾತ್ರ ಉಳಿಯಿತು. ಆದರೆ ಬಿಚ್ಚುವ ಮೊದಲು ಪ್ರಿಸಂ ಕುಳಿತಿದ್ದ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿರಲಿಲ್ಲ. ಮರುಜೋಡಿಸಿ ನೋಡಿದರೆ ಎದುರು ಗುಡ್ಡದ ಮನೆಯ ಒಂದೇ ಸೂರು ಒಂದರ ಮೇಲೊಂದರಂತೆ ಎರಡಾಗಿ ಕಂಡಿತು. ಇಂಥ ಮೇಲು-ಕೆಳಗಿನ ವ್ಯತ್ಯಾಸವನ್ನು ಕಣ್ಣು ಸಹಿಸುವುದಿಲ್ಲ. ಹತ್ತು ನಿಮಿಷದಲ್ಲಿ ತಲೆನೋವು ಬರುತ್ತದೆ. ಮುಂದಿನ ಮಸೂರವನ್ನು ಹಿಡಿದಿರುವ, ಕೇಂದ್ರ ತಪ್ಪಿಸಿ ಕೊರೆದ ಎರಡು ಬಳೆಗಳನ್ನು ಕೂದಲೆಳೆಯಷ್ಟು ತಿರುಗಿಸುವುದು, ದುರ್ಬೀನನ್ನು ಕಣ್ಣಿನಿಂದ ಮೆಲ್ಲಗೆ ಹಿಂದೆ ಸರಿಸುತ್ತ ಎರಡೂ ಸೂರುಗಳ ಎತ್ತರವನ್ನು ಹೋಲಿಸುವುದು, ಹೀಗೆ ಮೂರು ಸಂಜೆ ಕಳೆದ ಮೇಲೆ ಅವು ಒಂದಾದವು. ಕೆಲಸ ಮುಗಿದ ಮರುದಿನ ಬೆಳಿಗ್ಗೆ ದಾಸವಾಳದ ಮೇಲೆ ಕುಳಿತ ಸೂರಕ್ಕಿಯ ಕೊಕ್ಕಿನ ತುದಿಗೆ ಅಂಟಿದ್ದ ಪರಾಗವೂ ಸ್ಪಷ್ಟವಾಗಿ ಕಂಡಿತು.

ಚರ್ಮ ತೇವ ಹಿಡಿಯುತ್ತದೆಯಾದ್ದರಿಂದ ಆ ಚೀಲವನ್ನು ಈಗ ಬಳಸುವುದಿಲ್ಲ. ದುರ್ಬೀನು ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆಗಿರುತ್ತದೆ. ಅದರ ನೀಲಿ ಮಣಿಗಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಬಿಸಿ ಮಾಡಿ, ಮತ್ತೆ ನೀಲಿಯಾದ ಮೇಲೆ ಡಬ್ಬಿಗೆ ಹಾಕುತ್ತೇನೆ.