ಊರೊಳಗೆ ಕುದಿ, ಹೈವೇಯಲ್ಲಿ ತಣ್ಣಗೆ: ನಮ್ಮ ಹಳೇ ಆಲ್ಟೋ ರಿಪೇರಿ

ನನ್ನದು ನಂಜನಗೂಡಿನಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಪಂಪು, ಹಿಟ್ಟಿನ ಗಿರಣಿ ಮೋಟರು, ಮಿಕ್ಸಿ, ಸುಟ್ಟಿದ್ದೆಲ್ಲ ನಮ್ಮ ಬಾಗಿಲಿಗೆ ಬರುತ್ತದೆ. ಕಾರಿನ ಕೆಲಸ ನನ್ನದಲ್ಲ. ಆದರೂ 2022ರಲ್ಲಿ 2011ರ ಮಾಡೆಲ್ ಆಲ್ಟೋ ಒಂದನ್ನು ತಗೊಂಡ ಮೇಲೆ ಎರಡು ತಿಂಗಳು ಅಂಗಡಿ ಮುಂದೆ ಅದರ ಬಾನೆಟ್ ಎತ್ತಿಕೊಂಡೇ ಕಳೆದೆ.

ಗಾಡಿ ನೋಡಲು ಹೋದಾಗಲೇ ಒಂದು ತಪ್ಪು ಮಾಡಿದ್ದೆ. ನಾನು ಹೋಗುವ ಹೊತ್ತಿಗೆ ಮಾರುವವರು ಇಂಜಿನ್ ಸ್ಟಾರ್ಟ್ ಮಾಡಿ ಇಟ್ಟಿದ್ದರು. ಸದ್ದು ಸಣ್ಣಗೆ, ಚೆನ್ನಾಗಿತ್ತು. ಆಯಿಲ್ ಮುಚ್ಚಳ ಬಿಚ್ಚಿ ನೋಡಿದೆ, ಸೈಲೆನ್ಸರ್ ಹೊಗೆ ನೋಡಿದೆ, ಆರ್‌ಸಿ, ಇನ್ಶೂರೆನ್ಸ್ ನೋಡಿದೆ. ಇಂಜಿನ್ ಬಿಸಿ ಇದ್ದರೆ ಅದರ ನೀರು ತಣಿಸುವ ರೇಡಿಯೇಟರ್‌ನ ಮುಚ್ಚಳ ತೆಗೆಯಬಾರದು ಅಂತ ಗೊತ್ತಿದ್ದರಿಂದ ಅದನ್ನು ಮಾತ್ರ ಮುಟ್ಟಲಿಲ್ಲ. ನೋಡಬೇಕಾಗಿದ್ದದ್ದೇ ಅದನ್ನು! ಈಗ ಯಾರಾದರೂ ಕೇಳಿದರೆ ಹೇಳುತ್ತೇನೆ: ಬೆಳಗ್ಗೆ ಬೇಗ ಹೋಗಿ, ಮೊದಲು ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಟೀ ಕುಡಿದು ಸಂಜೆ ಬರ್ತೀನಿ ಅನ್ನಿ.

ಮೊದಲ ವಾರ ಮೈಸೂರಿಗೆ ಹೋದೆವು. ಹೆಂಡತಿ, ಮಗಳು ಜೊತೆಯಲ್ಲಿದ್ದರು. ನಂಜನಗೂಡಿನಿಂದ ಮೈಸೂರಿನ ತನಕ ಏನೂ ತೊಂದರೆ ಇಲ್ಲ. ದೇವರಾಜ ಮಾರ್ಕೆಟ್ ಹತ್ತಿರ ಟ್ರಾಫಿಕ್‌ನಲ್ಲಿ ಹತ್ತು ನಿಮಿಷ ನಿಂತಿದ್ದೇ ತಡ, ಟೆಂಪರೇಚರ್ ಸೂಜಿ ಮುಕ್ಕಾಲು ದಾಟಿತು. ಪಕ್ಕಕ್ಕೆ ನಿಲ್ಲಿಸಿದೆ. ಬಾನೆಟ್ ಒಳಗಿಂದ ಗುಳುಗುಳು ಸದ್ದು, ರಿಸರ್ವ್ ಡಬ್ಬಿಯಲ್ಲಿ ನೀರು ಕುದಿಯುತ್ತಿತ್ತು. "ಒಂದೂ ಮೂವತ್ತೈದು ಕೊಟ್ರಿ ಅಲ್ವಾ ಇದಕ್ಕೆ?" ಅಂದಳು ಹೆಂಡತಿ. ಒಂದು ಲಕ್ಷ ಮೂವತ್ತೈದು ಸಾವಿರ. ಉತ್ತರ ಕೊಡಲಿಲ್ಲ.

ಮರುದಿನ ಇಂಜಿನ್ ಪೂರ್ತಿ ಆರಿದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದೆ. ಒಳಗೆ ಕೂಲೆಂಟ್ (ಇಂಜಿನ್ ತಣಿಸಲು ನೀರಿಗೆ ಬೆರೆಸುವ ದ್ರವ) ಇಲ್ಲ, ಇಟ್ಟಿಗೆ ಬಣ್ಣದ ನೀರು. ಯಾರೋ ವರ್ಷಗಟ್ಟಲೆ ಬೋರ್ ನೀರು ಸುರಿದಿದ್ದಾರೆ. ನಮ್ಮ ಕಡೆಯ ಬೋರ್ ನೀರಿನ ಗಡಸು ನನಗೆ ಹೇಳಿಕೊಡಬೇಕಿಲ್ಲ, ಗೀಸರ್ ಕಾಯಿಲ್ ಮೇಲೆ ಸುಣ್ಣ ಕಟ್ಟುವುದನ್ನು ದಿನಾ ನೋಡುತ್ತೇನೆ. ಪರಿಚಯದ ಒಬ್ಬರು ರೇಡಿಯೇಟರ್ ಬದಲಾಯಿಸಿ ಅಂದರು. ಇನ್ನೊಬ್ಬರು ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಒಳಗೆ ನೀರು, ಆಯಿಲ್ ಬೆರೆಯದಂತೆ ತಡೆಯುವ ಹಾಳೆ) ಹೋಗಿದೆ, ಇಂಜಿನ್ ಇಳಿಸಬೇಕು ಅಂದರು. ಗ್ಯಾಸ್ಕೆಟ್ ಹೋಗಿದ್ದರೆ ಆಯಿಲ್‌ನಲ್ಲಿ ನೀರು ಸೇರಿ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗುವುದು, ಇಲ್ಲ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬಿಡದೇ ಬರುವುದು, ಇಲ್ಲ ಸ್ಟಾರ್ಟ್ ಮಾಡಿದ ಕೂಡಲೇ ರೇಡಿಯೇಟರ್ ಬಾಯಲ್ಲಿ ಗುಳ್ಳೆ ಏಳುವುದು, ಹೀಗೆ ಏನಾದರೂ ಒಂದು ಗುರುತು ಕಾಣಬೇಕು. ನನಗೆ ಒಂದೂ ಕಾಣಲಿಲ್ಲ. ಹಾಗಾಗಿ ಇಂಜಿನ್ ಇಳಿಸುವ ಮಾತನ್ನು ಅಲ್ಲಿಗೇ ಬಿಟ್ಟೆ.

ಓಡುವಾಗ ಸರಿ, ನಿಂತರೆ ಬಿಸಿ. ಓಡುವಾಗ ಗಾಳಿ ತಾನಾಗೇ ಬರುತ್ತದೆ, ನಿಂತಾಗ ಫ್ಯಾನ್ ಬೇಕು. ಅಂದರೆ ಮೊದಲು ಫ್ಯಾನ್ ನೋಡಬೇಕು. ಇದು ನನ್ನ ಇಲಾಖೆಯೇ!

ಫ್ಯಾನಿನ ಕನೆಕ್ಟರ್ ಬಿಚ್ಚಿ ಬ್ಯಾಟರಿಯಿಂದ ನೇರ ಎರಡು ವೈರ್ ಕೊಟ್ಟೆ. ಗರ್ರ್ ಅಂತ ತಿರುಗಿತು. ಮೋಟರ್ ಚೆನ್ನಾಗಿದೆ. ಫ್ಯೂಸ್ ಸರಿ ಇದೆ. ಇಂಜಿನ್ ಸ್ಟಾರ್ಟ್ ಮಾಡಿ ಬಿಸಿಯಾಗಲು ಬಿಟ್ಟೆ. ಸೂಜಿ ಅರ್ಧ ದಾಟುವಾಗ ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್ಚು, ಅಂದರೆ ರಿಲೇ, ಟಿಕ್ ಅಂದದ್ದು ಬೆರಳಿಗೇ ತಿಳಿಯಿತು. ಕನೆಕ್ಟರ್‌ಗೆ ಟೆಸ್ಟ್ ಲ್ಯಾಂಪ್ ಹಿಡಿದರೆ ಬಲ್ಬು ಝಗ್ಗಂತ ಉರಿಯಿತು. ಕರೆಂಟ್ ಬರುತ್ತಿದೆ. ಕನೆಕ್ಟರ್ ವಾಪಸ್ ಫ್ಯಾನಿಗೆ ಸಿಕ್ಕಿಸಿದರೆ ರೆಕ್ಕೆ ಒಮ್ಮೆ ಅಲುಗಿ ನಿಂತುಬಿಟ್ಟಿತು.

ಮೋಟರ್ ಸರಿ, ಕರೆಂಟ್ ಇದೆ, ತಿರುಗಲ್ಲ. ಐದು ನಿಮಿಷ ತಲೆ ಕೆರೆದುಕೊಂಡೆ. ಆಮೇಲೆ ನನ್ನ ಮೇಲೇ ನಗು ಬಂತು. ಇದೇ ತಮಾಷೆಯನ್ನು ರೈತರ ತೋಟದಲ್ಲಿ ಎಷ್ಟು ಸಲ ನೋಡಿಲ್ಲ? ಸ್ಟಾರ್ಟರ್‌ನಲ್ಲಿ ವೋಲ್ಟೇಜ್ ಪೂರ್ತಿ ತೋರಿಸುತ್ತದೆ, ಪಂಪು ಆನ್ ಮಾಡಿದರೆ ಬಿದ್ದುಹೋಗುತ್ತದೆ. ಎಲ್ಲೋ ಒಂದು ಜಾಯಿಂಟ್ ತುಕ್ಕು ಹಿಡಿದಿರುತ್ತದೆ. ಚಿಕ್ಕ ಬಲ್ಬಿಗೆ ಬೇಕಾದಷ್ಟು ಕರೆಂಟ್ ಆ ತುಕ್ಕು ಬಿಡುತ್ತದೆ, ಮೋಟರ್ ಎಳೆಯುವಷ್ಟು ಬಿಡಲ್ಲ.

ಮೀಟರ್ ತಂದೆ. ಫ್ಯಾನ್ ಸಿಕ್ಕಿಸದೆ ನೋಡಿದರೆ 13.8 ವೋಲ್ಟ್. ಸಿಕ್ಕಿಸಿ ಹಿಂದಿನಿಂದ ಪಿನ್ ಚುಚ್ಚಿ ನೋಡಿದರೆ ನಾಲ್ಕೂ ಚಿಲ್ಲರೆ. ಮಿಕ್ಕದ್ದು ಎಲ್ಲಿ ಹೋಯಿತು? ಮೀಟರಿನ ಒಂದು ಕಡ್ಡಿಯನ್ನು ಫ್ಯಾನಿನಿಂದ ಕರೆಂಟ್ ವಾಪಸ್ ಹೋಗುವ ಅರ್ಥ್ ವೈರಿಗೆ, ಇನ್ನೊಂದನ್ನು ಬ್ಯಾಟರಿ ನೆಗೆಟಿವ್‌ಗೆ ಇಟ್ಟೆ. ಸೊನ್ನೆ ಹತ್ತಿರ ಇರಬೇಕಾದ ಕಡೆ 9 ವೋಲ್ಟ್ ಜಾಸ್ತಿ! ಅರ್ಥ್ ವೈರನ್ನೇ ಹಿಡಿದುಕೊಂಡು ಹೋದೆ. ಕಾರಿನ ತಗಡಿನ ಮೈಗೆ ಸೇರುವ ಬೋಲ್ಟ್ ಹತ್ತಿರ ವೈರಿನ ರಿಂಗು ಹಸಿರುಗಟ್ಟಿ, ಕೆಳಗಿನ ತಗಡು ತುಕ್ಕಿನ ಪುಡಿಯಾಗಿತ್ತು. ಉಪ್ಪುಕಾಗದದಲ್ಲಿ ತಗಡು ಮಿಂಚುವ ತನಕ ಉಜ್ಜಿ, ಹೊಸ ರಿಂಗು ಕ್ರಿಂಪ್ ಮಾಡಿ, ಬಿಗಿದು, ಮೇಲೆ ವ್ಯಾಸಲಿನ್ ಬಳಿದೆ. ಫ್ಯಾನ್ ತಿರುಗಿತು. ಖರ್ಚು ಐದು ರೂಪಾಯಿಯೂ ಆಗಲಿಲ್ಲ.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಂದಿನ ಭಾನುವಾರ ಬೆಳಗ್ಗೆ ಆರಕ್ಕೆ ಗುಂಡ್ಲುಪೇಟೆಗೆ ಹೊರಟೆ. ಡಿಸೆಂಬರ್ ಚಳಿ. ಮೂವತ್ತೈದು ಕಿಲೋಮೀಟರ್ ಓಡಿಸಿ ಗುಂಡ್ಲುಪೇಟೆ ಬಂದರೂ ಸೂಜಿ ತಳ ಬಿಟ್ಟಿರಲಿಲ್ಲ. ಮೊದಲು ಖುಷಿಯಾಯಿತು, ಎಷ್ಟು ತಣ್ಣಗಿದೆ ಇಂಜಿನ್ ಅಂತ. ಆಮೇಲೆ ಅನುಮಾನ ಬಂತು. ಪೆಟ್ರೋಲ್ ಲೆಕ್ಕ ಹಾಕಿದರೆ ಲೀಟರಿಗೆ 13 ಕಿಲೋಮೀಟರ್. ಮೂರು ಸಿಲಿಂಡರಿನ 796 ಸಿಸಿ ಪುಟ್ಟ ಇಂಜಿನ್‌ಗೆ, ಅದೂ ಹೈವೇಯಲ್ಲಿ, ಇದು ಲೆಕ್ಕವೇ ಅಲ್ಲ. ಪೆಟ್ರೋಲಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆ. ಮೂರೂ ಮಸಿ ಹಿಡಿದು ಕಪ್ಪಗಿದ್ದವು.

ರೇಡಿಯೇಟರಿನ ಮೇಲಿನ ಹೋಸ್ (ರಬ್ಬರ್ ಪೈಪು) ಇಂಜಿನ್‌ಗೆ ಸೇರುವ ಕಡೆ ಒಂದು ಅಲ್ಯೂಮಿನಿಯಂ ಮುಚ್ಚಳ ಇದೆ, ಎರಡು ಬೋಲ್ಟ್. ಅದರ ಕೆಳಗೆ ಥರ್ಮೋಸ್ಟಾಟ್ ವಾಲ್ವ್ ಇರಬೇಕು. ಬಿಚ್ಚಿದೆ. ಗೂಡು ಖಾಲಿ! ಸುತ್ತ ಪೇಸ್ಟ್ ಮೆತ್ತಿ ಮುಚ್ಚಿದ್ದರು.

ಆಗ ಕಥೆಯೆಲ್ಲ ಬಿಚ್ಚಿಕೊಂಡಿತು. ಫ್ಯಾನ್ ತಿರುಗದೆ ಗಾಡಿ ಬಿಸಿಯಾಗಿದೆ. ಯಾರೋ ಕಾರಣ ಹುಡುಕದೆ ವಾಲ್ವ್ ಕಿತ್ತೆಸೆದಿದ್ದಾರೆ. ಆ ವಾಲ್ವ್‌ನ ಕೆಲಸ ಇಷ್ಟೇ. ಇಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರ್‌ಗೆ ಬಿಡಬಾರದು, ಬಿಸಿಯಾದ ಮೇಲೆ ಬಿಡಬೇಕು. ಅದೇ ಇಲ್ಲದಿದ್ದರೆ ಸ್ಟಾರ್ಟ್ ಮಾಡಿದ ಗಳಿಗೆಯಿಂದ ನೀರು ಸುತ್ತುತ್ತಲೇ ಇರುತ್ತದೆ. ಹೈವೇ ಗಾಳಿಗೆ ಇಂಜಿನ್ ಬಿಸಿಯೇ ಆಗಲ್ಲ. ಸೆನ್ಸರ್ "ಇನ್ನೂ ತಣ್ಣಗಿದೆ" ಅನ್ನುತ್ತದೆ, ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಜಾಸ್ತಿ ಪೆಟ್ರೋಲ್ ಸುರಿಯುತ್ತದೆ. ಹಳೇ ಸ್ಕೂಟರನ್ನು ಚೋಕ್ ಎಳೆದೇ ಊರೆಲ್ಲ ಓಡಿಸಿದ ಹಾಗೆ.

ನಮ್ಮ ಬೀದಿ ಕೊನೆಯ ಗ್ಯಾರೇಜಿನ ಭಾಯ್‌ಗೆ ಖಾಲಿ ಗೂಡು ತೋರಿಸಿದೆ. ಅವರು ನಕ್ಕರು. "ತೆಗೆದೋನು ನಾನಲ್ಲ ಅಣ್ಣ. ಆದ್ರೆ ಗಿರಾಕಿ ಬಂದು ಸಂಜೆಯೊಳಗೆ ಊರಿಗೆ ಹೋಗ್ಬೇಕು ಅಂತ ತಲೆ ಮೇಲೆ ಕೂತ್ರೆ ನಾನೂ ತೆಗೆದು ಕಳಿಸಿರೋನೇ." ಮಾತು ನಿಜ. ತೆಗೆದದ್ದನ್ನು ಗಿರಾಕಿಗೆ ಹೇಳಿ, ನಾಲ್ಕು ದಿನ ಬಿಟ್ಟು ಬಾ ಅಂದಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ.

ಬೆಂಗಳೂರಿಗೆ ತಾಮ್ರದ ವೈರ್ ತರಲು ಹೋದವನು ಜೆ.ಸಿ. ರಸ್ತೆಯಲ್ಲಿ ಹೊಸ ವಾಲ್ವ್, ಗ್ಯಾಸ್ಕೆಟ್, ಹೊಸ ರೇಡಿಯೇಟರ್ ಮುಚ್ಚಳ ತಂದೆ. ವಾಲ್ವ್ ಮೇಲೆ 82 ಅಂತ ಒತ್ತಿತ್ತು, ಅಷ್ಟು ಡಿಗ್ರಿಗೆ ಬಾಯಿ ಬಿಡಲು ಶುರು ಮಾಡಬೇಕು. ಸುಮ್ನೆ ಹಾಕಲು ಮನಸ್ಸು ಬರಲಿಲ್ಲ. ಹಳೇ ಪಾತ್ರೆಯಲ್ಲಿ ನೀರಿಟ್ಟು, ವಾಲ್ವನ್ನು ದಾರದಲ್ಲಿ ತಳ ಮುಟ್ಟದ ಹಾಗೆ ನೇತು ಹಾಕಿ, ಪಕ್ಕದಲ್ಲಿ ಥರ್ಮಾಮೀಟರ್ ಇಳಿಬಿಟ್ಟೆ. ಎಪ್ಪತ್ತರಲ್ಲಿ ಏನೂ ಇಲ್ಲ. ಎಂಬತ್ತನಾಲ್ಕರ ಹತ್ತಿರ ತಟ್ಟೆಯ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಕಂಡಿತು. ತೊಂಬತ್ತು ದಾಟಿದಾಗ ಬಾಯಿ ಚೆನ್ನಾಗಿ ತೆರೆದಿತ್ತು. ಮಗಳು ಬಗ್ಗಿ ನೋಡುತ್ತಿದ್ದಳು. "ಅಪ್ಪ, ಕುದೀತಿದೆ, ಆದ್ರೆ ನೂರು ಯಾಕೆ ಬರ್ತಿಲ್ಲ?" ಅಂದಳು. ನಾವಿರುವುದು ಸಮುದ್ರಕ್ಕಿಂತ ಎಷ್ಟೋ ಎತ್ತರದಲ್ಲಿ, ಇಲ್ಲಿ ನೀರು 97ರ ಆಸುಪಾಸಿನಲ್ಲೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳದಲ್ಲಿ ಸ್ಪ್ರಿಂಗ್ ಇರುವುದು ಇದಕ್ಕೇ ಅಂತ ಅವಳಿಗೆ ತೋರಿಸಿದೆ. ಕುಕ್ಕರಿನ ಹಾಗೆ ಒಳಗೆ ಒತ್ತಡ ಹಿಡಿದಿಟ್ಟರೆ ನೀರು ನೂರು ದಾಟಿದರೂ ಕುದಿಯಲ್ಲ. ಹಳೇ ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿತ್ತು, ಅದನ್ನು ಕಸಕ್ಕೆ ಹಾಕಿದೆ.

ರೇಡಿಯೇಟರನ್ನು ಪೈಪಿನಲ್ಲಿ ತೊಳೆದೆ. ತಿಳಿ ನೀರು ಬರುವ ತನಕ ಮೂರು ಸಲ ತುಂಬಿಸಿ ಖಾಲಿ ಮಾಡಿದೆ. ಆಮೇಲೆ ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ತುಂಬಿಸುವಾಗ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ, ಇದನ್ನು ಎಷ್ಟೋ ಜನ ಮರೆಯುತ್ತಾರೆ. ತಣ್ಣಗಿರುವಾಗಲೇ ಮುಚ್ಚಳ ತೆಗೆದಿಟ್ಟು, ಹೀಟರ್ ನಾಬ್ ಪೂರ್ತಿ ಬಿಸಿ ಕಡೆಗೆ ತಿರುಗಿಸಿ, ಇಂಜಿನ್ ಐಡಲ್‌ನಲ್ಲಿ ಬಿಟ್ಟೆ. ಮೇಲಿನ ಹೋಸ್ ಮೇಲೆ ಕೈ ಇಟ್ಟುಕೊಂಡು ಕಾದೆ. ತಣ್ಣಗೇ ಇತ್ತು, ತಣ್ಣಗೇ ಇತ್ತು, ಇದ್ದಕ್ಕಿದ್ದ ಹಾಗೆ ಬಿಸಿ ನೀರು ಅಂಗೈ ಕೆಳಗೆ ಹರಿದು ಬಂತು. ವಾಲ್ವ್ ತೆರೆಯಿತು! ಗುಳ್ಳೆ ನಿಂತ ಮೇಲೆ ಮಿಕ್ಕದ್ದು ತುಂಬಿಸಿ ಮುಚ್ಚಳ ಹಾಕಿದೆ.

ಮಿಕ್ಕ ರಿಪೇರಿಗಳಲ್ಲಿ ಹೇಳುವಂಥದ್ದು ಕಡಿಮೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಎಡಗಡೆ ಕಟ್ ಕಟ್ ಅನ್ನುತ್ತಿತ್ತು. ಚಕ್ರದ ಒಳಗಡೆ ಗ್ರೀಸ್ ಎರಚಿದ ಗುರುತಿತ್ತು. ಚಕ್ರ ತಿರುಗಿಸುವ ಆಕ್ಸಲ್‌ನ ಜಾಯಿಂಟ್ ಮುಚ್ಚುವ ರಬ್ಬರ್ ಬೂಟ್ ಹರಿದು, ಮಣ್ಣು ಹೋಗಿ ಜಾಯಿಂಟ್ ತಿಂದಿತ್ತು. ಇದನ್ನು ಭಾಯ್ ಕೈಯಲ್ಲೇ ಮಾಡಿಸಿದೆ. ಹಬ್ಬಿನ ನಟ್ ಬಿಚ್ಚುವ ಶಕ್ತಿ ನನ್ನ ಸೊಂಟಕ್ಕಿಲ್ಲ. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿಸಿದ್ದು ಅಂತ ಚೀಟಿ ಇರಲಿಲ್ಲ, ಹೊಸದು ಹಾಕಿಸಿದೆ. ಟೈರುಗಳ ಮೇಲಿನ ಗುಂಡಿ ಸವೆದಿರಲಿಲ್ಲ, ಆದರೆ ಪಕ್ಕದಲ್ಲಿ 3115 ಅಂತಿತ್ತು. ಅಂದರೆ 2015ರ 31ನೇ ವಾರದಲ್ಲಿ ತಯಾರಾದದ್ದು. ಏಳು ವರ್ಷ ಹಳೆಯದು, ಬುಡದಲ್ಲಿ ಸಣ್ಣ ಸೀಳು. ನಾಲ್ಕೂ ಬದಲಾಯಿಸಿದೆ. ಇಡೀ ರಿಪೇರಿಯಲ್ಲಿ ದೊಡ್ಡ ಖರ್ಚು ಇದೇ.

ಎಲ್ಲ ಮುಗಿದ ಮೇಲೆ ಪರೀಕ್ಷೆಗೆ ಚಾಮುಂಡಿ ಬೆಟ್ಟ ಹತ್ತಿಸಿದೆ. ಮಧ್ಯಾಹ್ನ ಹನ್ನೆರಡು ಗಂಟೆ, ನಾಲ್ಕು ಜನ, ಎರಡನೇ ಗೇರ್. ಸೂಜಿ ಅರ್ಧದ ಹತ್ತಿರ ಬಂದು ಅಲ್ಲೇ ಕೂತಿತು. ಮೇಲೆ ನಿಲ್ಲಿಸಿ ಇಂಜಿನ್ ಆಫ್ ಮಾಡದೆ ಕಾದೆ. ಸ್ವಲ್ಪ ಹೊತ್ತಿಗೆ ಫ್ಯಾನ್ ಬಂತು, ನಿಮಿಷದೊಳಗೆ ನಿಂತಿತು, ಮತ್ತೆ ಬಂತು. ಹೆಂಡತಿ, ಮಗಳು, ಅತ್ತೆ ದರ್ಶನಕ್ಕೆ ಹೋದರು. ನಾನು ಬಾನೆಟ್ ಎತ್ತಿಕೊಂಡು ಇನ್ನೂ ಎರಡು ಸಲ ಫ್ಯಾನ್ ಬಂದು ಹೋಗುವುದನ್ನು ನೋಡಿ, ಆಮೇಲೆ ಆಫ್ ಮಾಡಿದೆ. ಈಗ ಹೈವೇಯಲ್ಲಿ ಲೀಟರಿಗೆ 18 ಕೊಡುತ್ತಿದೆ. ಹಿಂದಿನ ಬಲಗಡೆ ಬಾಗಿಲಿನಲ್ಲಿ ಒಂದು ಕಿರಕಿರ ಇದೆ. ಎರಡು ಸಲ ಬಿಚ್ಚಿ ನೋಡಿದೆ, ಇನ್ನೂ ಸಿಕ್ಕಿಲ್ಲ.